ನಾಯಿಗೆ ಕೆಮ್ಮು, ನೆಗಡಿ: ತೊಂದರೆ ಎಲ್ಲಿದೆ ಎಂದು ಪತ್ತೆ ಹಚ್ಚುವ ಬಗೆ

ನಾಯಿ ಕೆಮ್ಮಲು ಶುರು ಮಾಡಿದ ಕೂಡಲೇ ಮನೆಯಲ್ಲಿ ಏಳುವ ಮೊದಲ ಪ್ರಶ್ನೆ, "ಏನು ಔಷಧ ಹಾಕೋಣ?" ಅದು ಎರಡನೆಯ ಪ್ರಶ್ನೆಯಾಗಬೇಕು. ಮೊದಲು ಕೇಳಿಕೊಳ್ಳಬೇಕಾದದ್ದು ಕೆಮ್ಮು ಎಲ್ಲಿಂದ ಹೊರಡುತ್ತಿದೆ ಎಂದು. ಮೂಗಿನ ಹಿಂಭಾಗ, ಗಂಟಲು, ಶ್ವಾಸನಾಳ, ಶ್ವಾಸಕೋಶ, ಹೃದಯ, ಕೆಲವೊಮ್ಮೆ ಅನ್ನನಾಳ, ಇವುಗಳಲ್ಲಿ ಎಲ್ಲಿ ಕೆಟ್ಟರೂ ಹೊರಗೆ ಕೇಳುವುದು ಹೆಚ್ಚುಕಡಿಮೆ ಒಂದೇ ಸದ್ದು. ಆದರೆ ಒಂದರ ಮದ್ದು ಇನ್ನೊಂದಕ್ಕೆ ಆಗಿಬರುವುದಿಲ್ಲ. ಶ್ವಾಸಕೋಶದಲ್ಲಿ ಕಫ ಕಟ್ಟಿದ ನಾಯಿಗೆ ಕೆಮ್ಮು ನಿಲ್ಲಿಸುವ ಸಿರಪ್ ಹಾಕಿದರೆ ಮನೆ ನಿಶ್ಶಬ್ದವಾಗುತ್ತದೆ, ಕಫ ಮಾತ್ರ ಒಳಗೇ ಉಳಿಯುತ್ತದೆ.

ಸದ್ದು ಜೋರಾಗಿದ್ದರೆ ಕಾಯಿಲೆಯೂ ಜೋರು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮನೆಯವರನ್ನೆಲ್ಲ ಎಬ್ಬಿಸುವ ಕೆನ್ನೆಲ್ ಕಾಫ್ (ನಾಯಿಯಿಂದ ನಾಯಿಗೆ ಹರಡುವ ಶ್ವಾಸನಾಳದ ಸೋಂಕು) ಬಹುಪಾಲು ತಾನಾಗಿಯೇ ಹೋಗುತ್ತದೆ. ಮೆಲ್ಲಗೆ, ಆಗೊಮ್ಮೆ ಈಗೊಮ್ಮೆ ಕೆಮ್ಮುವ ಮುದಿ ನಾಯಿಯ ಹೃದಯ ಸೋಲುತ್ತಿರಬಹುದು. ಹಾಗಾಗಿ ಕೆಮ್ಮುವಾಗಿನ ಸದ್ದಿಗಿಂತ, ಕೆಮ್ಮಿಲ್ಲದ ಹೊತ್ತಿನಲ್ಲಿ ನಾಯಿ ಹೇಗೆ ಉಸಿರಾಡುತ್ತಿದೆ ಎಂಬುದನ್ನು ಹೆಚ್ಚು ನೋಡಿ. ಈ ಬರಹದಲ್ಲಿ ಬರುವ ತಪಾಸಣೆಗಳೆಲ್ಲ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತವೆ.

ಓದುವುದನ್ನು ಬಿಟ್ಟು ಈಗಲೇ ಹೊರಡಬೇಕಾದ ಲಕ್ಷಣಗಳು

- ಒಸಡು ಅಥವಾ ನಾಲಿಗೆ ನೀಲಿ, ಬೂದು ಅಥವಾ ಸುಣ್ಣದಂತೆ ಬಿಳಿ ಬಣ್ಣಕ್ಕೆ ತಿರುಗಿದೆ.
- ಮೊಣಕೈಗಳನ್ನು ಹೊರಕ್ಕೆ ಚಾಚಿ, ಕುತ್ತಿಗೆ ಮುಂದಕ್ಕೆ ನೀಡಿ ನಿಂತೇ ಇದೆ; ಮಲಗಿಸಿದರೆ ಮತ್ತೆ ಎದ್ದು ಬಿಡುತ್ತದೆ.
- ಪ್ರತಿ ಉಸಿರಿಗೂ ಹೊಟ್ಟೆ ಎಳೆದುಕೊಳ್ಳುತ್ತಿದೆ.
- ಬಾಯಲ್ಲಿ ಗುಲಾಬಿ ಬಣ್ಣದ ನೊರೆ ಅಥವಾ ರಕ್ತ ಬರುತ್ತಿದೆ.
- ಕೆಮ್ಮುತ್ತಾ ಕುಸಿದು ಬಿದ್ದಿದೆ, ಪ್ರಜ್ಞೆ ತಪ್ಪಿದೆ.

ಇವುಗಳಲ್ಲಿ ಒಂದಿದ್ದರೂ ಥರ್ಮಾಮೀಟರ್ ಹುಡುಕುತ್ತಾ ಕೂರಬೇಡಿ. ನಾಯಿಯನ್ನು ಬಿಗಿಯಾಗಿ ತಬ್ಬಬೇಡಿ, ಬಾಯಿಗೆ ಏನೂ ಹಾಕಬೇಡಿ, ತಂಪಾದ ಗಾಳಿ ಆಡುವಂತೆ ನೋಡಿಕೊಂಡು ಹೊರಡಿ. ಆಸ್ಪತ್ರೆಗೆ ಮೊದಲೇ ಫೋನ್ ಮಾಡಿ "ಉಸಿರಾಟದ ತೊಂದರೆ" ಎಂದರೆ ಆಕ್ಸಿಜನ್ ಸಿದ್ಧ ಮಾಡಿಟ್ಟಿರುತ್ತಾರೆ.

ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂಬ ಅನುಮಾನ ಬಂದರೆ ಸ್ವಲ್ಪ ತಾಳ್ಮೆ ಬೇಕು. ನಿಜವಾಗಿ ಸಿಕ್ಕಿಕೊಂಡಿದ್ದರೆ ತೊಂದರೆ ಹಠಾತ್ತನೆ ಶುರುವಾಗುತ್ತದೆ, ಸಾಮಾನ್ಯವಾಗಿ ಏನನ್ನೋ ಅಗಿಯುತ್ತಿದ್ದ ಹೊತ್ತಿನಲ್ಲಿ. ನಾಯಿ ಗಾಬರಿಯಿಂದ ಮುಂಗಾಲಲ್ಲಿ ಬಾಯಿ ಕೆರೆದುಕೊಳ್ಳುತ್ತದೆ, ಜೊಲ್ಲು ಸುರಿಸುತ್ತದೆ. ಬಾಯಿ ತೆರೆದು ನೋಡಿ. ವಸ್ತು ಕಣ್ಣಿಗೆ ಕಂಡು, ಬೆರಳಿಗೆ ಗಟ್ಟಿಯಾಗಿ ಹಿಡಿತ ಸಿಕ್ಕರೆ ಮಾತ್ರ ತೆಗೆಯಿರಿ. ಕಾಣದೆ ತಡಕಾಡಿದರೆ ಇನ್ನೂ ಒಳಗೆ ಹೋಗುತ್ತದೆ. ನಾಲಿಗೆಯ ಬುಡದಲ್ಲಿ ಕೈಗೆ ಸಿಗುವ ಗಟ್ಟಿ ಮೂಳೆ ನಾಯಿಯದೇ ದೇಹದ ಭಾಗವಾದ ಹಯಾಯ್ಡ್ ಮೂಳೆ; ಸಿಕ್ಕಿಕೊಂಡ ಮೂಳೆಯೆಂದುಕೊಂಡು ಅದನ್ನೇ ಎಳೆಯುವವರಿದ್ದಾರೆ. ಉಸಿರು ಪೂರ್ತಿ ಕಟ್ಟಿದ್ದರೆ, ದೊಡ್ಡ ನಾಯಿಯನ್ನು ಹಿಂದಿನಿಂದ ಅಪ್ಪಿ, ಪಕ್ಕೆಲುಬು ಮುಗಿಯುವಲ್ಲಿ ಹೊಟ್ಟೆಯ ಮೇಲೆ ಮುಷ್ಟಿಯಿಟ್ಟು ಮೇಲಕ್ಕೂ ಮುಂದಕ್ಕೂ ಜೋರಾಗಿ ಒತ್ತಬೇಕು. ಪುಟ್ಟ ನಾಯಿಯಾದರೆ ಹಿಂಗಾಲು, ಸೊಂಟ ಹಿಡಿದು ತಲೆ ಕೆಳಗಾಗುವಂತೆ ಎತ್ತಿದರೂ ಕೆಲವೊಮ್ಮೆ ವಸ್ತು ಹೊರಬೀಳುತ್ತದೆ. ಹೊರಬಿದ್ದ ಮೇಲೂ ವೈದ್ಯರಿಗೆ ತೋರಿಸಿ.

ಅದು ಕೆಮ್ಮೇ ಹೌದೇ?

"ಗಂಟಲಲ್ಲಿ ಮೂಳೆ ಸಿಕ್ಕಿದೆ", "ವಾಂತಿ ಮಾಡ್ತಾ ಇದೆ", "ಉಬ್ಬಸ ಬಂದಿದೆ" ಎಂದು ಬರುವ ದೂರುಗಳಲ್ಲಿ ಬಹಳಷ್ಟು ಬೇರೆಯೇ ಏನೋ ಆಗಿರುತ್ತವೆ. ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಂಡು ನಿಧಾನವಾಗಿ ನೋಡಿ. ಆಸ್ಪತ್ರೆಗೆ ಹೋದಾಗ ನಾಯಿ ಕೆಮ್ಮುವುದೇ ಇಲ್ಲ. ಆ ವಿಡಿಯೊ ಅಲ್ಲಿಯೂ ಕೆಲಸಕ್ಕೆ ಬರುತ್ತದೆ.

ಹಿಮ್ಮುಖ ಸೀನು: ಸೀನಿನಲ್ಲಿ ಗಾಳಿ ಹೊರಕ್ಕೆ ಬಂದರೆ ಇದರಲ್ಲಿ ಮೂಗಿನಿಂದ ರಭಸವಾಗಿ ಒಳಕ್ಕೆ ಹೋಗುತ್ತದೆ. ನಾಯಿ ಕುತ್ತಿಗೆ ಚಾಚಿ, ಕಣ್ಣು ಅಗಲಿಸಿ ನಿಂತು ಗೊರ್ ಗೊರ್ ಎಂದು ಗೊರಕೆಯಂಥ ಸದ್ದನ್ನು ಬಿಡದೆ ಹೊರಡಿಸುತ್ತದೆ. ನೋಡಿದವರಿಗೆ ಪ್ರಾಣವೇ ಹೋಗುತ್ತಿದೆ ಎನಿಸಬೇಕು. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ನಿಂತು, ನಾಯಿ ಏನೂ ಆಗಿಯೇ ಇಲ್ಲ ಎಂಬಂತೆ ಬಾಲ ಅಲ್ಲಾಡಿಸುತ್ತದೆ. ಅಂಗುಳದ ಹಿಂಭಾಗದ ಕಿರಿಕಿರಿ ಇದಕ್ಕೆ ಕಾರಣ: ಧೂಳು, ಸುಗಂಧದ ಹೊಗೆ, ಉದ್ವೇಗ, ಕೊರಳಪಟ್ಟಿಯ ಎಳೆತ. ಗಂಟಲನ್ನು ಮೆಲ್ಲಗೆ ನೀವಿದರೆ, ಒಂದು ಕ್ಷಣ ಮೂಗಿನ ಹೊಳ್ಳೆಗಳನ್ನು ಮುಚ್ಚಿದರೆ ನಾಯಿ ಎಂಜಲು ನುಂಗುತ್ತದೆ, ಅಷ್ಟಕ್ಕೇ ನಿಲ್ಲುವುದುಂಟು. ಅಪರೂಪಕ್ಕೆ ಬಂದರೆ ಔಷಧ ಬೇಡ. ದಿನವೂ ಬರುತ್ತಿದ್ದರೆ, ಮೂಗಲ್ಲಿ ರಕ್ತ ಬಂದರೆ ಮೂಗಿನೊಳಗಿನ ನುಸಿ ಅಥವಾ ಹುಲ್ಲಿನ ಚೂರು ಇದೆಯೇ ಎಂದು ನೋಡಿಸಬೇಕು.

ಕೆಮ್ಮಿನ ಕೊನೆಯ ಓಕರಿಕೆ: ಕೆಮ್ಮಿ ಕೆಮ್ಮಿ ಕೊನೆಗೆ ಕಕ್ಕುವಂತೆ ಬಾಗಿ ಒಂದಿಷ್ಟು ಬಿಳಿ ನೊರೆ ಉಗುಳುತ್ತದೆ. ಇದು ವಾಂತಿಯಲ್ಲ, ಹೊಟ್ಟೆಯ ಮಾತ್ರೆ ಇದಕ್ಕೆ ಬೇಡ. ವಾಂತಿಯಾದರೆ ಹೊಟ್ಟೆಯ ಸ್ನಾಯುಗಳು ಹಲವು ಸಲ ಹಿಂಡಿಕೊಂಡು ಆಹಾರವೋ ಹಳದಿ ಪಿತ್ತವೋ ಹೊರಬರುತ್ತದೆ. ಇನ್ನೊಂದು ಬಗೆಯಲ್ಲಿ, ಹೊಟ್ಟೆ ಹಿಂಡದೆ, ಸುಮ್ಮನೆ ತಲೆ ತಗ್ಗಿಸಿದಾಗ ತಿಂದದ್ದು ಹಾಗೇ ಜಾರಿ ಬೀಳುತ್ತದೆ. ಅದು ಅನ್ನನಾಳದ ತೊಂದರೆ. ಜೊತೆಗೆ ಕೆಮ್ಮೂ ಇದ್ದರೆ ಆಹಾರ ಶ್ವಾಸಕೋಶಕ್ಕೆ ಇಳಿದಿದೆಯೇ ಎಂದು ಅನುಮಾನಿಸಿ.

ಮನೆಯಲ್ಲೇ ಮಾಡಬಹುದಾದ ಮೂರು ಅಳತೆ

ಮೂರರಲ್ಲಿ ಒಂದನ್ನೇ ಮಾಡಲು ಪುರುಸೊತ್ತಿದ್ದರೆ ನಿದ್ದೆಯ ಉಸಿರು ಎಣಿಸಿ. ನಾಯಿ ಗಾಢವಾಗಿ ಮಲಗಿರುವಾಗ ಎದೆ ಏರಿ ಇಳಿದರೆ ಒಂದು ಉಸಿರು. 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ನಿಮಿಷಕ್ಕೆ 30ಕ್ಕಿಂತ ಕಡಿಮೆ ಇದ್ದರೆ ನಿರಾಳ. ಕಾಲು ಅದುರಿಸುತ್ತಾ ಕನಸು ಕಾಣುತ್ತಿರುವಾಗ, ಆಡಿ ಬಂದ ಕೂಡಲೇ, ಸೆಕೆಯಲ್ಲಿ ನಾಲಿಗೆ ಚಾಚಿ ಏದುಸಿರು ಬಿಡುವಾಗ ಎಣಿಸಿದ್ದು ಲೆಕ್ಕಕ್ಕಿಲ್ಲ. ಎರಡು ಮೂರು ಸಲ ಎಣಿಸಿದಾಗಲೂ 30 ದಾಟಿದರೆ ಅಂದೇ ವೈದ್ಯರೊಂದಿಗೆ ಮಾತಾಡಿ; 40 ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ. ನಾಯಿ ಆರೋಗ್ಯವಾಗಿರುವಾಗಲೇ ಎಣಿಸಿ ಬರೆದಿಟ್ಟುಕೊಂಡವರಿಗೆ ಇದು ಇನ್ನೂ ಸುಲಭ. ಸಾಮಾನ್ಯವಾಗಿ 16 ಇರುತ್ತಿದ್ದ ನಾಯಿಯಲ್ಲಿ 28 ಕಂಡರೆ ಅದೂ ಒಂದು ಸುದ್ದಿಯೇ.

ಎರಡನೆಯದು ಒಸಡು. ತುಟಿ ಎತ್ತಿ ನೋಡಿ, ಗುಲಾಬಿ ಬಣ್ಣದಲ್ಲಿ ತೇವವಾಗಿರಬೇಕು. ಬೆರಳಿಂದ ಒತ್ತಿ ಬಿಟ್ಟರೆ ಬಿಳುಪಾದ ಜಾಗ 2 ಸೆಕೆಂಡಿನೊಳಗೆ ಮತ್ತೆ ಕೆಂಪಾಗಬೇಕು. ಕೆಲವು ನಾಯಿಗಳ ಒಸಡು ಹುಟ್ಟಿನಿಂದಲೇ ಕಪ್ಪು. ಅಂಥವುಗಳಲ್ಲಿ ಕೆಳಗಣ್ಣಿನ ರೆಪ್ಪೆಯ ಒಳಭಾಗ ನೋಡಿ.

ಮೂರನೆಯದು ಜ್ವರ. ಮೂಗು ಒಣಗಿದೆ, ಕಿವಿ ಬಿಸಿಯಾಗಿದೆ ಎಂದು ಜ್ವರ ಅಳೆಯುವುದು ಬರೀ ಊಹೆ. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಸವರಿ ಗುದದ್ವಾರದಲ್ಲಿ ಇಟ್ಟು ನೋಡಬೇಕು. 38.3ರಿಂದ 39.2 ಡಿಗ್ರಿ ಸೆಲ್ಸಿಯಸ್, ಅಂದರೆ 101ರಿಂದ 102.5 ಫ್ಯಾರನ್‌ಹೀಟ್, ನಾಯಿಗೆ ಸಹಜ. ಮನುಷ್ಯರ ಲೆಕ್ಕದಲ್ಲಿ ಇದೇ ಜ್ವರವಾದ್ದರಿಂದ 101 ನೋಡಿ ಗಾಬರಿಯಾಗುವವರು ಬಹಳ. 39.5 ದಾಟಿದರೆ ಜ್ವರ ಎನ್ನಿ, 40 ದಾಟಿದರೆ ತಡ ಮಾಡಬೇಡಿ.

ಒಣ, ಗಡುಸು ಕೆಮ್ಮು. ನಾಯಿ ಮಾತ್ರ ಚುರುಕಾಗಿದೆ

ತಿನ್ನುತ್ತದೆ, ಆಡುತ್ತದೆ, ನಡುನಡುವೆ ಖೊಕ್ ಖೊಕ್ ಎಂದು ಕೆಮ್ಮಿ ನೊರೆ ಉಗುಳುತ್ತದೆ. ಕೊರಳಪಟ್ಟಿ ಎಳೆದರೆ, ಗಂಟಲ ಮೇಲೆ ಬೆರಳಿಟ್ಟು ಮೆಲ್ಲಗೆ ಒತ್ತಿದರೆ ಕೆಮ್ಮು ಕೆರಳುತ್ತದೆ. ಕಳೆದ ಎರಡು ವಾರದಲ್ಲಿ ನಾಯಿ ಬೋರ್ಡಿಂಗ್‌ಗೋ, ಗ್ರೂಮಿಂಗ್‌ಗೋ, ತರಬೇತಿ ಶಾಲೆಗೋ, ನಾಯಿಗಳು ಕೂಡುವ ಬಯಲಿಗೋ ಹೋಗಿತ್ತೇ ನೆನಪಿಸಿಕೊಳ್ಳಿ. ಹೌದಾದರೆ ಮೊದಲ ಅನುಮಾನ ಕೆನ್ನೆಲ್ ಕಾಫ್ ಮೇಲೆ.

ಇದು ಒಂದೇ ರೋಗಾಣುವಿನ ಕೆಲಸವಲ್ಲ. ಬಾರ್ಡೆಟೆಲ್ಲಾ ಬ್ರಾಂಕಿಸೆಪ್ಟಿಕಾ ಎಂಬ ಬ್ಯಾಕ್ಟೀರಿಯಾ, ಪ್ಯಾರಾಇನ್‌ಫ್ಲುಯೆಂಜಾ ವೈರಸ್, ಅಡಿನೊವೈರಸ್ 2, ನಾಯಿಗಳದೇ ಆದ ಉಸಿರಾಟದ ಕೊರೊನಾವೈರಸ್, ಮೈಕೊಪ್ಲಾಸ್ಮಾ, ಇವುಗಳಲ್ಲಿ ಒಂದೋ ಎರಡೋ ಜೊತೆಗೂಡಿ ಶ್ವಾಸನಾಳಕ್ಕೆ ಲಗ್ಗೆ ಇಡುತ್ತವೆ. ಬಾರ್ಡೆಟೆಲ್ಲಾ ಮಕ್ಕಳಿಗೆ ಬರುವ ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಹತ್ತಿರದ ನೆಂಟ. ಶ್ವಾಸನಾಳದ ಒಳಗೋಡೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸೂಕ್ಷ್ಮ ರೋಮಗಳಿರುತ್ತವೆ. ಇದು ಅವಕ್ಕೇ ಅಂಟಿಕೊಂಡು ಅವುಗಳ ಚಲನೆಯನ್ನು ನಿಲ್ಲಿಸುತ್ತದೆ. ಆ ರೋಮಗಳು ಚೇತರಿಸಿಕೊಳ್ಳಲು ಸಮಯ ಬೇಕು. ರೋಗ ಇಳಿದ ಮೇಲೂ ಒಂದೆರಡು ವಾರ ಕೆಮ್ಮು ಎಳೆದಾಡುವುದಕ್ಕೆ ಇದೂ ಒಂದು ಕಾರಣ.

ಸೋಂಕು ತಗುಲಿ ಸಾಮಾನ್ಯವಾಗಿ 2ರಿಂದ 14 ದಿನದೊಳಗೆ ಕೆಮ್ಮು ಶುರುವಾಗುತ್ತದೆ, 1ರಿಂದ 3 ವಾರದಲ್ಲಿ ಇಳಿಯುತ್ತದೆ. ಚುರುಕಾಗಿರುವ ನಾಯಿಗೆ ಆಂಟಿಬಯಾಟಿಕ್ ಬೇಕೇ ಎಂಬ ವಾದ ಹಳೆಯದು. ಸಾಕುಪ್ರಾಣಿಗಳ ಸೋಂಕುರೋಗ ತಜ್ಞರ ಅಂತರರಾಷ್ಟ್ರೀಯ ಸಂಘ 2017ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಬಹುತೇಕ ನಾಯಿಗಳು 10 ದಿನದೊಳಗೆ ಆಂಟಿಬಯಾಟಿಕ್ ಇಲ್ಲದೆಯೇ ಸುಧಾರಿಸುತ್ತವೆ, ಜ್ವರ, ಮಂಕು, ಊಟ ಬಿಡುವುದು, ಜೊತೆಗೆ ಕೀವಿನಂಥ ಸಿಂಬಳ ಇದ್ದರೆ ಆಗ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್. ಮನೆಯಲ್ಲಿ ಉಳಿದ ಅರ್ಧ ಪಟ್ಟಿ ಮಾತ್ರೆಯನ್ನು "ಇರಲಿ" ಎಂದು ಹಾಕುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ವೈರಸ್‌ಗೆ ಅದು ನಾಟುವುದಿಲ್ಲ, ನಾಳೆ ನಿಜವಾಗಿ ಬೇಕಾದಾಗ ಬ್ಯಾಕ್ಟೀರಿಯಾಕ್ಕೂ ನಾಟದೆ ಹೋಗಬಹುದು.

ಇತ್ತೀಚೆಗೆ ಶಸ್ತ್ರಚಿಕಿತ್ಸೆ ಆಗಿದ್ದರೆ ಲೆಕ್ಕ ಬೇರೆ. ಅರಿವಳಿಕೆಗಾಗಿ ಶ್ವಾಸನಾಳಕ್ಕೆ ಹಾಕಿದ ಕೊಳವೆಯ ಕಿರಿಕಿರಿಗೆ ಒಂದೆರಡು ದಿನ ಇಂಥದೇ ಕೆಮ್ಮು ಬರುತ್ತದೆ.

ಕೆಮ್ಮಿನ ಜೊತೆ ಮಂಕು, ಜ್ವರ, ಊಟ ಬೇಡ

ಇಲ್ಲಿಂದ ಮುಂದೆ ಮನೆಮದ್ದಿನ ಮಾತಿಲ್ಲ. ಕೆಮ್ಮಿನ ಸದ್ದು ಒಣಗಿದ್ದದ್ದು ಕಫದಿಂದ ಒದ್ದೆಯಾಗಿ, ಉಸಿರಿನ ಎಣಿಕೆ ಏರುತ್ತಿದ್ದರೆ ಸೋಂಕು ಶ್ವಾಸಕೋಶಕ್ಕೆ ಇಳಿದಿರಬಹುದು. ಮರಿಗಳಲ್ಲಿ ಈ ಇಳಿತ ಬಹಳ ವೇಗವಾಗಿ ಆಗುತ್ತದೆ; ಬೆಳಿಗ್ಗೆ ಆಡುತ್ತಿದ್ದ ಮರಿ ರಾತ್ರಿಗೆ ತಲೆ ಎತ್ತದ ಸ್ಥಿತಿ ತಲುಪಬಹುದು. ಹಾಗಾಗಿ ಆರು ತಿಂಗಳೊಳಗಿನ ಮರಿ ಕೆಮ್ಮಿದರೆ ಕಾದು ನೋಡುವ ಪ್ರಯೋಗ ಬೇಡ. ಮುದಿ ನಾಯಿ, ಗರ್ಭಿಣಿ, ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂತಿಯ ತಳಿಗಳಿಗೂ ಇದೇ ನಿಯಮ.

ಒಂದೇ ಕಡೆ ಇರುವ ಹಲವು ನಾಯಿಗಳು ಒಟ್ಟೊಟ್ಟಿಗೆ ಜ್ವರ, ಕೆಮ್ಮು, ಸಿಂಬಳದಿಂದ ಮಲಗಿದರೆ ನಾಯಿಗಳ ಫ್ಲೂ ಇರಬಹುದು. ಕುದುರೆಗಳಿಂದ ದಾಟಿ ಬಂದ ಎಚ್3ಎನ್8 ತಳಿ 2004ರಲ್ಲಿ ಫ್ಲಾರಿಡಾದ ಓಟದ ಗ್ರೇಹೌಂಡ್‌ಗಳಲ್ಲಿ ಗುರುತಿಗೆ ಬಂತು. ಹಕ್ಕಿಗಳ ಮೂಲದ ಎಚ್3ಎನ್2 ಮೊದಲು ಏಷ್ಯಾದ ನಾಯಿಗಳಲ್ಲಿ ಕಾಣಿಸಿಕೊಂಡು 2015ರಲ್ಲಿ ಅಮೆರಿಕ ತಲುಪಿತು.

ಲಸಿಕೆ ಪೂರ್ತಿಯಾಗದ ಮರಿಗೆ ಕಣ್ಣಲ್ಲೂ ಮೂಗಲ್ಲೂ ದಪ್ಪ ಕೀವು, ಜ್ವರ, ಕೆಮ್ಮು, ಆಮೇಲೆ ವಾಂತಿ ಭೇದಿ ಕಾಣಿಸಿದರೆ ಡಿಸ್ಟೆಂಪರ್ ಎಂಬ ವೈರಸ್ ರೋಗ ನೆನಪಾಗಬೇಕು. ಆರಂಭದಲ್ಲಿ ಬರೀ ನೆಗಡಿಯಂತೆಯೇ ಕಾಣುವುದು ಇದರ ಮೋಸ. ಕೆಲವು ಮರಿಗಳ ಅಂಗಾಲು, ಮೂಗಿನ ತುದಿ ಗಡುಸಾಗುತ್ತವೆ. ವಾರಗಳ ನಂತರ ಕೈಕಾಲು, ದವಡೆ ಲಯಬದ್ಧವಾಗಿ ಅದುರತೊಡಗಿದರೆ ವೈರಸ್ ನರಮಂಡಲ ತಲುಪಿದೆ ಎಂದರ್ಥ. ವೈರಸ್ಸನ್ನೇ ಕೊಲ್ಲುವ ಔಷಧ ಇಲ್ಲ. ಡ್ರಿಪ್, ಆರೈಕೆ, ಇತರ ಸೋಂಕುಗಳ ತಡೆ ಇಷ್ಟರ ಮೇಲೆಯೇ ಚಿಕಿತ್ಸೆ ನಿಂತಿದೆ. ಲಸಿಕೆ ಹಾಕಿಸಿದ್ದರೆ ಬಹುಪಾಲು ತಪ್ಪಿಸಬಹುದಾದ ಸಾವು ಇದು.

ಖುಷಿಯಾದಾಗ, ಎಳೆದಾಗ ಬಾತುಕೋಳಿಯ ಸದ್ದು

ಪಮೇರಿಯನ್, ಯಾರ್ಕ್‌ಷೈರ್ ಟೆರಿಯರ್, ಚಿವಾವಾ, ಟಾಯ್ ಪೂಡಲ್. ಈ ಪುಟ್ಟ ತಳಿಗಳಲ್ಲಿ ಮಧ್ಯವಯಸ್ಸು ದಾಟಿದ ಮೇಲೆ, ಅತಿಥಿ ಬಂದರೆ, ನೀರು ಕುಡಿದರೆ, ಸೆಕೆಯಾದರೆ ಹಾಂಕ್ ಹಾಂಕ್ ಎಂಬ ಕೆಮ್ಮು ಬರುತ್ತದೆ. ತಿಂಗಳುಗಳಿಂದ ಬಂದು ಹೋಗುತ್ತಿದ್ದು, ಜ್ವರವಿಲ್ಲದಿದ್ದರೆ ಶ್ವಾಸನಾಳ ಕುಸಿಯುವ ತೊಂದರೆ ಇರಬಹುದು. ಶ್ವಾಸನಾಳವನ್ನು ತೆರೆದಿಡುವ ಮೃದ್ವಸ್ಥಿಯ ಬಳೆಗಳು ಬಲ ಕಳೆದುಕೊಂಡಿರುತ್ತವೆ. ಕಾಲಡಿ ಸಿಕ್ಕ ರಬ್ಬರ್ ಪೈಪಿನಂತೆ ನಾಳ ಚಪ್ಪಟೆಯಾಗುತ್ತದೆ. ಈ ದೋಷಕ್ಕೆ ಮಾತ್ರೆಗಿಂತ ಮೊದಲು ಮಾಡಬೇಕಾದ ಎರಡು ಕೆಲಸ: ಕೊರಳಪಟ್ಟಿ ತೆಗೆದು ಎದೆಯ ಹಾರ್ನೆಸ್ ಹಾಕುವುದು, ತೂಕ ಇಳಿಸುವುದು. ದಪ್ಪಗಿರುವ ಪಮೇರಿಯನ್ ತೆಳ್ಳಗಾದರೆ ಕೆಮ್ಮು ಎಷ್ಟು ಇಳಿಯುತ್ತದೆ ಎಂಬುದನ್ನು ಮಾಲೀಕರು ನಂಬುವುದಿಲ್ಲ. ಮನೆಯೊಳಗೆ ಸಿಗರೇಟಿನ ಹೊಗೆ ನಿಲ್ಲಲೇಬೇಕು. ಮೂರನೆಯದಾಗಿ ಕೆಮ್ಮು ತಗ್ಗಿಸುವ ಔಷಧ. ಒಣ ಕೆಮ್ಮೇ ನಾಳವನ್ನು ಮತ್ತಷ್ಟು ಕೆರಳಿಸುವ ಇಂಥ ಸ್ಥಿತಿಯಲ್ಲಿ ವೈದ್ಯರು ಅದನ್ನು ಧಾರಾಳವಾಗಿ ಬರೆಯುತ್ತಾರೆ.

ವಯಸ್ಸಾದ ನಾಯಿ, ರಾತ್ರಿ ಮಲಗಿದಾಗ ಕೆಮ್ಮು

ಹೃದಯದ ಕಡೆ ನೋಡಿ. ಚಿಕ್ಕ ತಳಿಯ ಮುದಿ ನಾಯಿಗಳಲ್ಲಿ ಹೃದಯದ ಎಡಭಾಗದ ಮೈಟ್ರಲ್ ಕವಾಟ ದಪ್ಪಗಾಗಿ ರಕ್ತ ಹಿಂದಕ್ಕೆ ಸೋರುತ್ತದೆ. ಡಾಬರ್ಮನ್‌ನಂಥ ದೊಡ್ಡ ತಳಿಗಳಲ್ಲಿ ಹೃದಯದ ಸ್ನಾಯುವೇ ಹಿಗ್ಗಿ ಬಲ ಕಳೆದುಕೊಳ್ಳುತ್ತದೆ. ನಡಿಗೆಯಲ್ಲಿ ಬೇಗ ಸುಸ್ತು, ಮೆಟ್ಟಿಲ ಮುಂದೆ ಹಿಂಜರಿಕೆ, ರಾತ್ರಿ ಜಾಗ ಬದಲಿಸುತ್ತಾ ಮಲಗದೆ ಒದ್ದಾಡುವುದು, ಇವು ಕೆಮ್ಮಿಗಿಂತ ಮೊದಲೇ ಬಂದಿರುತ್ತವೆ, ನಾವು "ವಯಸ್ಸಾಯ್ತು" ಎಂದು ಬಿಟ್ಟಿರುತ್ತೇವೆ.

ಇಲ್ಲಿ ಒಂದು ತೊಡಕಿದೆ. ಚಿಕ್ಕ ತಳಿಯ ಮುದಿ ನಾಯಿಗೆ ಹೃದಯದ ಮರ್ಮರವೂ (ಬಡಿತದ ಜೊತೆ ಕೇಳುವ ಅಸಹಜ ಸದ್ದು) ಇರಬಹುದು, ಶ್ವಾಸನಾಳದ ಕುಸಿತವೂ ಇರಬಹುದು. ಕೆಮ್ಮು ಯಾವುದರದ್ದು? ಹಿಗ್ಗಿದ ಹೃದಯ ಪಕ್ಕದ ಶ್ವಾಸನಳಿಕೆಯನ್ನು ಒತ್ತಿದರೂ ಕೆಮ್ಮು ಬರುತ್ತದೆ, ಆಗ ಶ್ವಾಸಕೋಶದಲ್ಲಿ ನೀರು ತುಂಬಿರಲೇಬೇಕೆಂದಿಲ್ಲ. ಇದನ್ನು ಬಿಡಿಸುವುದು ನಿದ್ದೆಯ ಉಸಿರು. ಕೆಮ್ಮಿದ್ದೂ ಎಣಿಕೆ 20ರ ಆಸುಪಾಸಿನಲ್ಲಿ ನಿಂತಿದ್ದರೆ ನೀರು ತುಂಬಿರುವ ಸಾಧ್ಯತೆ ಕಡಿಮೆ. ಕೆಮ್ಮು ಅಷ್ಟಿಲ್ಲದಿದ್ದರೂ ಎಣಿಕೆ ದಿನದಿಂದ ದಿನಕ್ಕೆ ಏರುತ್ತಿದ್ದರೆ ಅದೇ ಎಚ್ಚರಿಕೆ. ಹೃದಯದ ಔಷಧದಲ್ಲಿರುವ ನಾಯಿಯ ಮನೆಯಲ್ಲಿ ಈ ಎಣಿಕೆ ದಿನಚರಿಯ ಭಾಗವಾಗಬೇಕು.

ಕಡಿಮೆ ಕಾಣುವ, ಆದರೆ ತಪ್ಪಿಸಿಕೊಳ್ಳಬಾರದ ಕೆಲವು

ವಯಸ್ಸಾದ ಲ್ಯಾಬ್ರಡಾರ್‌ನ ಬೊಗಳುವ ದನಿ ಒಡೆದಿದೆ, ಉಸಿರು ಎಳೆದುಕೊಳ್ಳುವಾಗ ಕರ್ಕಶ ಸದ್ದು, ನೀರು ಕುಡಿದಾಗ ಕೆಮ್ಮು: ಧ್ವನಿಪೆಟ್ಟಿಗೆಯ ಪಾರ್ಶ್ವವಾಯು ಇರಬಹುದು. ಸೆಕೆಯಲ್ಲಿ ಓಡಿಸಿದರೆ ಪ್ರಾಣಕ್ಕೇ ಅಪಾಯ.

ಎರಡು ತಿಂಗಳಿಗೂ ಮೀರಿ ಹೆಚ್ಚುಕಡಿಮೆ ದಿನವೂ ಕೆಮ್ಮು, ಬೇರೆ ಕಾರಣ ಸಿಗಲಿಲ್ಲ ಎಂದರೆ ದೀರ್ಘಕಾಲದ ಬ್ರಾಂಕೈಟಿಸ್, ಅಂದರೆ ಶ್ವಾಸನಳಿಕೆಗಳ ಉರಿಯೂತ. ಪೂರ್ತಿ ವಾಸಿಯಾಗದಿದ್ದರೂ ಸ್ಟೀರಾಯ್ಡ್ ಮಾತ್ರೆ ಅಥವಾ ಮುಖಕ್ಕೆ ಹಿಡಿಯುವ ಇನ್‌ಹೇಲರ್‌ನಿಂದ ಹತೋಟಿಗೆ ಬರುತ್ತದೆ.

ಸೊಳ್ಳೆ ಕಾಟವಿರುವ ಕಡೆ ಕೆಮ್ಮು, ಸುಸ್ತು, ತೂಕ ಇಳಿಕೆ ಕಂಡರೆ ಹಾರ್ಟ್‌ವರ್ಮ್ ಪರೀಕ್ಷೆ ಕೇಳಿ. ಸೊಳ್ಳೆ ಕಚ್ಚಿ ಮರಿಹುಳು ಒಳಹೊಕ್ಕು, ಹೃದಯ ಮತ್ತು ಶ್ವಾಸಕೋಶದ ರಕ್ತನಾಳಗಳಲ್ಲಿ ಪ್ರೌಢಹುಳು ಆಗಲು ಸುಮಾರು 6ರಿಂದ 7 ತಿಂಗಳು ಹಿಡಿಯುತ್ತದೆ. ಅದಕ್ಕೂ ಮೊದಲು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಏನೂ ಕಾಣದಿರಬಹುದು. ಗೊಂಡೆಹುಳು, ಬಸವನಹುಳು ತಿನ್ನುವ ನಾಯಿಗಳಿಗೆ ಬೇರೆಯದೇ ಒಂದು ಶ್ವಾಸಕೋಶದ ಹುಳು ತಗುಲುತ್ತದೆ, ಅದರಲ್ಲಿ ರಕ್ತಸ್ರಾವವೂ ಆಗಬಹುದು. ಇನ್ನು, ಇಲಿಪಾಷಾಣ ತಿಂದ ನಾಯಿ ಒಂದೆರಡು ದಿನ ಚೆನ್ನಾಗಿದ್ದು ಆಮೇಲೆ ಕೆಮ್ಮತೊಡಗಿದರೆ ಎದೆಯೊಳಗೆ ರಕ್ತ ಸೋರುತ್ತಿರಬಹುದು. "ತಿಂದು ಎರಡು ದಿನ ಆಯ್ತಲ್ಲ, ಏನೂ ಆಗಲಿಲ್ಲ" ಎಂಬ ಸಮಾಧಾನ ಈ ವಿಷದ ಮುಂದೆ ನಡೆಯುವುದಿಲ್ಲ.

ಮೂಗು ಸೋರುತ್ತಿದ್ದರೆ

ನಮಗೆ ಬರುವ ಸಾಮಾನ್ಯ ನೆಗಡಿಯ ವೈರಸ್‌ಗಳು ನಾಯಿಯಲ್ಲಿ ನೆಲೆಯೂರುವುದಿಲ್ಲ, ಅದರದ್ದೂ ನಮಗೆ ಅಂಟುವುದಿಲ್ಲ. ಒಂದು ವಿನಾಯಿತಿ: ರೋಗನಿರೋಧಕ ಶಕ್ತಿ ತೀರಾ ಕುಂದಿದವರಿಗೆ ಬಾರ್ಡೆಟೆಲ್ಲಾ ಅಪರೂಪಕ್ಕೆ ತಗುಲಿದ್ದುಂಟು.

ನೋಡಬೇಕಾದದ್ದು ಬಣ್ಣಕ್ಕಿಂತ ಮೊದಲು ಹೊಳ್ಳೆ. ಎರಡೂ ಹೊಳ್ಳೆಗಳಿಂದ ನೀರಿನಂತೆ ಸೋರಿದರೆ ಅಲರ್ಜಿ, ಧೂಳು ಅಥವಾ ವೈರಸ್ಸಿನ ಆರಂಭ. ಅದೇ ಹಳದಿ, ಹಸಿರಾದರೆ ಬ್ಯಾಕ್ಟೀರಿಯಾ ಸೇರಿರಬಹುದು. ಒಂದೇ ಹೊಳ್ಳೆ ಸೋರುತ್ತಿದ್ದರೆ ಅದು ನೆಗಡಿಯಲ್ಲ ಎಂದೇ ಹಿಡಿದು ಮುಂದುವರಿಯಿರಿ. ಬಯಲಲ್ಲಿ ಆಡಿ ಬಂದ ಕೂಡಲೇ ಶುರುವಾದ ಬಿಡದ ಸೀನು, ಮೂಗನ್ನು ನೆಲಕ್ಕೆ ಉಜ್ಜುವುದು ಕಂಡರೆ ಹುಲ್ಲಿನ ತೆನೆ ಹೊಕ್ಕಿರಬಹುದು. ಬಾಯಿ ನಾರುವ ಚಿಕ್ಕ ತಳಿಯ, ಡಾಕ್ಸ್‌ಹುಂಡ್‌ನಂಥ ನಾಯಿಯಲ್ಲಿ ಮೇಲ್ದವಡೆಯ ಹಲ್ಲಿನ ಬುಡ ಕೊಳೆತು ಮೂಗಿಗೆ ತೂತಾಗಿರಬಹುದು. ಇಂಥ ನಾಯಿಗಳಿಗೆ ತಿಂಗಳುಗಟ್ಟಲೆ ನೆಗಡಿಯ ಔಷಧ ಹಾಕುತ್ತಾರೆ, ಬೇಕಾಗಿರುವುದು ಹಲ್ಲಿನ ಚಿಕಿತ್ಸೆ. ಉದ್ದ ಮೂತಿಯ ನಾಯಿಯಲ್ಲಿ ಮೂಗಿನ ತುದಿಯ ಬಣ್ಣ ಮಾಸಿ, ಹುಣ್ಣಾಗಿ, ರಕ್ತ ಬರುತ್ತಿದ್ದರೆ ಆಸ್ಪರ್ಜಿಲ್ಲಸ್ ಶಿಲೀಂಧ್ರ ಇರಬಹುದು. ಮುದಿ ನಾಯಿಯ ಮೂಗಿನ ಒಂದು ಪಕ್ಕ ಊದಿದ್ದರೆ ಗಡ್ಡೆ ಇರಬಹುದು. ಉಣ್ಣಿ (ಉಣುಗು) ಹತ್ತಿದ ನಾಯಿಗೆ ಏಕಾಏಕಿ ಮೂಗಲ್ಲಿ ರಕ್ತ ಬಂದರೆ ಉಣ್ಣಿಜ್ವರದಿಂದ ಪ್ಲೇಟ್‌ಲೆಟ್ ಕುಸಿದಿರಬಹುದು, ರಕ್ತಪರೀಕ್ಷೆ ತಡ ಮಾಡಬಾರದು.

ಮನೆಯ ಆರೈಕೆ, ಚುರುಕಾಗಿರುವ ನಾಯಿಗೆ ಮಾತ್ರ

ವಿಶ್ರಾಂತಿ ಎಂದರೆ ನಿಜವಾದ ವಿಶ್ರಾಂತಿ. ಚೆಂಡಾಟ, ಓಟ, ಬೊಗಳಾಟ ಎಲ್ಲ ಕೆಮ್ಮನ್ನು ಕೆದಕುತ್ತವೆ. ಮಲಮೂತ್ರಕ್ಕೆ ಹಾರ್ನೆಸ್ ಹಾಕಿ ಹೊರಗೆ ಕರೆದೊಯ್ದು ಬಂದರೆ ಸಾಕು.

ನಾಯಿ ಊಟವನ್ನು ಆರಿಸುವುದು ಮೂಗಿನಿಂದ. ಮೂಗು ಕಟ್ಟಿದರೆ ಹಸಿವಿದ್ದರೂ ತಟ್ಟೆಯತ್ತ ತಿರುಗದು. ಮೆತ್ತನೆಯ ಆಹಾರವನ್ನು ಉಗುರುಬೆಚ್ಚಗೆ ಮಾಡಿಟ್ಟರೆ ವಾಸನೆ ಏಳುತ್ತದೆ. ಗಟ್ಟಿ ಬಿಸ್ಕತ್ತಿನಂಥ ಆಹಾರವನ್ನು ನೆನೆಸಿ ಕೊಡಿ. ನೀರು ಸದಾ ಎಟುಕುವಂತಿರಲಿ. ಒಣಗಿದ ಕಫ ಹೊರಬರುವುದಿಲ್ಲ.

ಕಣ್ಣು, ಮೂಗಿನ ಕೊಳೆಯನ್ನು ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಬರೀ ಉಪ್ಪುನೀರಿನ, ಅಂದರೆ ಬೇರೆ ಔಷಧ ಬೆರೆಸದ ಸಲೈನ್ ಹನಿಯನ್ನು ಹೊಳ್ಳೆಗೆ ಒಂದೊಂದು ತೊಟ್ಟು ಬಿಡಬಹುದು. ಹಬೆ ಕೊಡಬೇಕೆನಿಸಿದರೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿ, ನಾಯಿಯ ಜೊತೆ ನೀವೂ 10 ನಿಮಿಷ ಕುಳಿತುಕೊಳ್ಳಿ. ಕುದಿಯುವ ಪಾತ್ರೆಯ ಮೇಲೆ ತಲೆ ಬಗ್ಗಿಸಿ ಹಿಡಿಯುವುದು ಸುಟ್ಟಗಾಯಕ್ಕೆ ದಾರಿ. ಚಪ್ಪಟೆ ಮೂತಿಯ ನಾಯಿಗೆ ಮತ್ತು ಆಗಲೇ ಏದುಸಿರು ಬಿಡುತ್ತಿರುವ ನಾಯಿಗೆ ಹಬೆಯೇ ಬೇಡ, ಅವಕ್ಕೆ ಮೈಬಿಸಿ ಇಳಿಸಿಕೊಳ್ಳುವುದೇ ಕಷ್ಟ.

ಜೇನುತುಪ್ಪದ ಬಗ್ಗೆ ಎಲ್ಲರೂ ಕೇಳುತ್ತಾರೆ. ಬೆಳೆದ, ಸಕ್ಕರೆ ಕಾಯಿಲೆಯಿಲ್ಲದ ನಾಯಿಗೆ ಅರ್ಧ ಚಮಚ ನೆಕ್ಕಿಸಿದರೆ ಗಂಟಲಿಗೆ ಹಿತವಾಗಬಹುದು. ರೋಗ ಗುಣವಾಗುವುದಿಲ್ಲ. ಮರಿಗಳಿಗೆ ಬೇಡ.

ಕೊಡಲೇಬಾರದವು

ಪ್ಯಾರಸಿಟಮಾಲ್ ಯಕೃತ್ತನ್ನೂ ಕೆಂಪು ರಕ್ತಕಣಗಳನ್ನೂ ಕೆಡಿಸುತ್ತದೆ. ಐಬುಪ್ರೊಫೆನ್ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಇವೆರಡರ ಅಪಾಯವನ್ನು ಕೆಲವರು ಕೇಳಿರುತ್ತಾರೆ. ನೆಗಡಿಯ ಮಾತ್ರೆಯಲ್ಲಿರುವ ಸ್ಯೂಡೊಎಫೆಡ್ರಿನ್, ಫಿನೈಲ್‌ಎಫ್ರಿನ್ ವಿಷಯ ಗೊತ್ತಿರುವುದಿಲ್ಲ. ಚಿಕ್ಕ ನಾಯಿಗೆ ಒಂದೇ ಸ್ಯೂಡೊಎಫೆಡ್ರಿನ್ ಮಾತ್ರೆ ಎದೆಬಡಿತ ಏರಿಸಿ ಫಿಟ್ಸ್ ತರಬಲ್ಲದು. ಮೂಗು ಬಿಡಿಸುವ ಆಕ್ಸಿಮೆಟಾಜೊಲಿನ್, ಜೈಲೊಮೆಟಾಜೊಲಿನ್ ಹನಿಗಳೂ ಅಪಾಯವೇ. ಬಾಟಲಿ ಅಗಿದು ಆಸ್ಪತ್ರೆ ಸೇರುವ ನಾಯಿಗಳೂ ಇವೆ. ಸಕ್ಕರೆರಹಿತ ಕೆಮ್ಮಿನ ಸಿರಪ್‌ನಲ್ಲಿ ಜೈಲಿಟಾಲ್ ಎಂಬ ಸಿಹಿಕಾರಕ ಇದ್ದರೆ ರಕ್ತದ ಸಕ್ಕರೆ ಥಟ್ಟನೆ ಕುಸಿಯುತ್ತದೆ. ಕರ್ಪೂರ, ನೀಲಗಿರಿ ಎಣ್ಣೆಯ ಮುಲಾಮು ಹಚ್ಚಿದರೆ ನಾಯಿ ಅದನ್ನು ನೆಕ್ಕುತ್ತದೆ, ಅಲ್ಲಿಗೆ ಹಚ್ಚಿದ ಔಷಧ ಹೊಟ್ಟೆಗೆ. ಟೀ ಟ್ರೀ ಎಣ್ಣೆಯೂ ಅಷ್ಟೇ. ಈಗಾಗಲೇ ಕೊಟ್ಟುಬಿಟ್ಟಿದ್ದರೆ ಲಕ್ಷಣಕ್ಕಾಗಿ ಕಾಯದೆ, ಪಟ್ಟಿಯನ್ನೋ ಬಾಟಲಿಯನ್ನೋ ಕೈಯಲ್ಲಿ ಹಿಡಿದೇ ವೈದ್ಯರ ಬಳಿ ಹೋಗಿ.

ವೈದ್ಯರ ಮುಂದೆ

ಎಷ್ಟು ದಿನದಿಂದ, ಯಾವ ಹೊತ್ತಿನಲ್ಲಿ, ಏನು ಮಾಡಿದಾಗ ಕೆಮ್ಮು, ನಿದ್ದೆಯ ಉಸಿರು ಎಷ್ಟು, ಲಸಿಕೆ ಯಾವಾಗ ಆಗಿದೆ, ಈವರೆಗೆ ಏನೇನು ಹಾಕಿದ್ದೀರಿ ಎಂಬುದನ್ನು ಬರೆದುಕೊಂಡು ಹೋಗಿ. ನೀವೇ ಹಾಕಿದ ಔಷಧವನ್ನು ಮುಚ್ಚಿಡಬೇಡಿ. ಎದೆಯ ಎಕ್ಸ್-ರೇ ನ್ಯುಮೋನಿಯಾ, ಹಿಗ್ಗಿದ ಹೃದಯ, ಗಡ್ಡೆ ಮೂರನ್ನೂ ಒಟ್ಟಿಗೆ ಶೋಧಿಸುತ್ತದೆ; ಹಾಗಾಗಿ ಮೂರು ವಾರ ದಾಟಿದ ಕೆಮ್ಮಿಗೆ ಎಕ್ಸ್-ರೇ ಕೇಳಲು ಸಂಕೋಚ ಬೇಡ. ಆದರೆ ಶ್ವಾಸನಾಳದ ಕುಸಿತ ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಒಂದೇ ಚಿತ್ರದಲ್ಲಿ ತಪ್ಪಿಸಿಕೊಳ್ಳಬಹುದು. ಉಸಿರು ಎಳೆದಾಗ ಒಂದು, ಬಿಟ್ಟಾಗ ಒಂದು ತೆಗೆಯುತ್ತಾರೆ. ಗಂಟಲಿನ ಸ್ವ್ಯಾಬ್‌ನಿಂದ ಮಾಡುವ ಪಿಸಿಆರ್ ಪರೀಕ್ಷೆ ಕಾಯಿಲೆಯ ಮೊದಲ ಕೆಲವು ದಿನಗಳಲ್ಲಿ ಹೆಚ್ಚು ನೆಚ್ಚಿಕೆಯದು. ಒಂಟಿ ನಾಯಿಗೆ ಅದು ಬೇಕೆಂದೇನಿಲ್ಲ; ಹತ್ತು ನಾಯಿಗಳಿರುವ ಕಡೆ ಬಹಳ ಉಪಯೋಗ.

ಉಳಿದ ನಾಯಿಗಳು, ಲಸಿಕೆ

ಕೆಮ್ಮು ಶುರುವಾದ ದಿನವೇ ಬಟ್ಟಲು, ಹಾಸಿಗೆ, ಆಟಿಕೆ ಬೇರೆ ಮಾಡಿ. ಕೆಮ್ಮಿನ ನಾಯಿಯನ್ನು ಮುಟ್ಟಿದ ಕೈ, ತೊಟ್ಟ ಬಟ್ಟೆಯೂ ಸೋಂಕು ಸಾಗಿಸುತ್ತವೆ. ಕೆನ್ನೆಲ್ ಕಾಫ್‌ಗೆ ಕನಿಷ್ಠ ಎರಡು ವಾರ, ಎಚ್3ಎನ್2 ಫ್ಲೂ ಆದರೆ ಕನಿಷ್ಠ ಮೂರು ವಾರ ಬೇರೆ ನಾಯಿಗಳ ಬಳಿ ಬಿಡಬೇಡಿ. ಕೆಮ್ಮು ನಿಂತ ಮೇಲೂ ಕೆಲವು ನಾಯಿಗಳು ಬಾರ್ಡೆಟೆಲ್ಲಾವನ್ನು ವಾರಗಟ್ಟಲೆ ಹೊರಹಾಕುತ್ತವೆ. ಬೆಕ್ಕಿದ್ದರೆ ಅದನ್ನೂ ದೂರ ಇಡಿ, ಅದಕ್ಕೂ ಬಾರ್ಡೆಟೆಲ್ಲಾ ತಗುಲುತ್ತದೆ.

"ಲಸಿಕೆ ಹಾಕಿಸಿದ್ದೆವಲ್ಲ, ಆದರೂ ಕೆಮ್ಮು ಬಂತು" ಎಂಬ ದೂರಿನಲ್ಲಿ ನ್ಯಾಯವಿದೆ. ಕಾರಣರಾದ ರೋಗಾಣುಗಳು ಹಲವು, ಲಸಿಕೆ ಇರುವುದು ಕೆಲವಕ್ಕೆ ಮಾತ್ರ. ಅದು ರೋಗವನ್ನು ಪೂರ್ತಿ ತಡೆಯುವುದಕ್ಕಿಂತ ಅದರ ಬಿರುಸನ್ನು ತಗ್ಗಿಸುತ್ತದೆ. ಮೂಗಿಗೆ ಹಾಕುವ ಬಾರ್ಡೆಟೆಲ್ಲಾ ಲಸಿಕೆ ಸುಮಾರು ಮೂರು ದಿನದಲ್ಲೇ ಕೆಲಸ ಆರಂಭಿಸುತ್ತದೆ. ಚುಚ್ಚುಮದ್ದಾದರೆ ಮೊದಲ ಬಾರಿಗೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್ ಬೇಕು. ಬೋರ್ಡಿಂಗ್‌ಗೆ ಬಿಡುವ ಹಿಂದಿನ ದಿನ ಹಾಕಿಸಿದರೆ ಯಾವುದೂ ಫಲಿಸದು, ಕನಿಷ್ಠ ಒಂದು ವಾರ ಮೊದಲೇ ಮುಗಿಸಿಕೊಳ್ಳಿ. ಮೂಗಿನ ಲಸಿಕೆ ಹಾಕಿಸಿದ ಮೇಲೆ ಕೆಲವು ದಿನ ಅಲ್ಪಸ್ವಲ್ಪ ಸೀನು, ಕೆಮ್ಮು ಬರುವುದುಂಟು. ಉಸಿರಿನ ಎಣಿಕೆ ಸರಿಯಿದ್ದು, ಊಟ ಮಾಡುತ್ತಿದ್ದರೆ ಅದಕ್ಕೆ ಮತ್ತೊಂದು ಔಷಧ ಹುಡುಕಬೇಕಿಲ್ಲ.